ಫ್ಯೂಸು ಊರಿದ ಕತೆ

ಮಡಗಾಂವಿನಲ್ಲಿ ನಾವಿರುವ ಮನೆ ಗೋವಾ ಭಾರತಕ್ಕೆ ಸೇರುವ ಮೊದಲು, ಎಂದರೆ 1961ರ ಡಿಸೆಂಬರ್ 19ಕ್ಕೂ ಹಿಂದೆ ಕಟ್ಟಿದ್ದು. ಮಾಡಿಗೆ ಮಂಗಳೂರು ಹಂಚು, ಹಳೆಯ ಕಿಟಿಕಿಗಳಿಗೆ ಗಾಜಿನ ಬದಲು ತೆಳ್ಳಗಿನ ಚಿಪ್ಪು, ಎದುರಿಗೆ ಎರಡು ಬದಿಯಲ್ಲೂ ಕಲ್ಲಿನ ಆಸನವಿರುವ ಜಗಲಿ. ಈ ಜಗಲಿಗೆ ಗೋವಾದವರು ಬಲ್ಕಾಂವ್ ಎನ್ನುತ್ತಾರೆ. ಸಂಜೆ ಅದರಲ್ಲಿ ಕುಳಿತು ದಾರಿಯಲ್ಲಿ ಹೋಗುವವರನ್ನು ಮಾತಾಡಿಸದಿದ್ದರೆ ಅವರಿಗೆ ದಿನ ಮುಗಿದಂತಾಗುವುದಿಲ್ಲ. ಮುಂಭಾಗದಲ್ಲಿ ಮನೆಯ ಒಡತಿ ಒಬ್ಬರೇ ಇದ್ದಾರೆ; ಎಂಬತ್ತು ದಾಟಿದ ಕ್ರೈಸ್ತ ಮುದುಕಿ. ನೆರೆಕರೆಯವರು ಕರೆಯುವಂತೆ ನಾವೂ ಅವರನ್ನು ಮಾಯ್ ಎನ್ನುತ್ತೇವೆ. ಹಿಂಬದಿಯ ಎರಡು ಕೋಣೆ ಮತ್ತು ಒಂದು ಅಡಿಗೆಮನೆ ನಮ್ಮದು. ಬದಿಯಡ್ಕದ ಹತ್ತಿರದ ಮನೆಯಿಂದ ಬ್ಯಾಂಕಿನ ಕೆಲಸಕ್ಕೆಂದು ಹೊರಟ ನಾನು ಕೊನೆಯ ವರ್ಗಾವಣೆಯಲ್ಲಿ ಇಲ್ಲಿಗೆ ಬಂದು, ನಿವೃತ್ತನಾದ ಮೇಲೂ ಇಲ್ಲೇ ಉಳಿದೆ. ಯಾಕೆ ಉಳಿದಿರಿ ಎಂದು ಕೇಳುವವರಿಗೆ ಕೊಡಲು ನನ್ನಲ್ಲಿ ಒಳ್ಳೆಯ ಉತ್ತರವಿಲ್ಲ.

ಮನೆಗೆ ಕರೆಂಟು ಬಂದದ್ದು ಕಟ್ಟಿದ ಎಷ್ಟೋ ವರ್ಷಗಳ ಮೇಲೆ. ಮಾಯ್ ಅವರ ಗಂಡ ಹಡಗಿನಲ್ಲಿ ಕೆಲಸಕ್ಕಿದ್ದವರು. ಕೊಂಕಣಿಯಲ್ಲಿ ಹೇಳುವುದಾದರೆ ತಾರ್ವಟಿ. ಅವರು ದುಡಿದು ತಂದ ಹಣದಲ್ಲಿ ವಯರಿಂಗು ಆಯಿತು. ನಡುಮನೆಯ ಬಾಗಿಲ ಪಕ್ಕದಲ್ಲಿ ತೇಗದ ಹಲಗೆ, ಅದರ ಮೇಲೆ ಕಬ್ಬಿಣದ ಪೆಟ್ಟಿಗೆಯ ಮೈನ್ ಸ್ವಿಚ್ಚು, ಅದರ ಕೆಳಗೆ ಸಾಲಾಗಿ ಬಿಳಿಯ ಪಿಂಗಾಣಿ ಫ್ಯೂಸುಗಳು. ಪೇಟೆಯಲ್ಲಿ ಇವಕ್ಕೆ ಕಿಟ್‌ಕ್ಯಾಟ್ ಎನ್ನುತ್ತಾರೆ. ಈ ವಯಸ್ಸಿನಲ್ಲಿ ಅಂಗಡಿಗೆ ಹೋಗಿ ಮಕ್ಕಳ ಚಾಕಲೇಟಿನ ಹೆಸರು ಹೇಳಿ ಕೇಳಲು ನನಗೆ ಸ್ವಲ್ಪ ನಾಚಿಕೆ. ಹಲಗೆಯಿಂದ ಹೊರಟ ವಯರುಗಳು ಮರದ ಪಟ್ಟಿಗಳ ಮೇಲೆ, ತಗಡಿನ ಕ್ಲಿಪ್ಪುಗಳ ಹಿಡಿತದಲ್ಲಿ, ಮಾಡಿನ ಜಂತಿಯವರೆಗೂ ಹತ್ತಿ ಇಳಿಯುತ್ತಿದ್ದುವು.

ಮಳೆಗಾಲದಲ್ಲಿ ನಮ್ಮ ಫ್ರಿಡ್ಜಿನ ಹಿಡಿ ಮುಟ್ಟಿದರೆ ಕೈ ಜುಂ ಎನ್ನುತ್ತಿತ್ತು. ನನ್ನ ಹೆಂಡತಿ ಅದರ ಮುಂದೆ ಊಟದ ಮಣೆಯೊಂದನ್ನು ಇಟ್ಟು, ಮಣೆಯ ಮೇಲೆ ನಿಂತು ಬಾಗಿಲು ತೆಗೆಯುವ ಪದ್ಧತಿ ಮಾಡಿಕೊಂಡಳು. 2022ರಲ್ಲಿ, ಮಗಳು ನಡೆಯಲು ಕಲಿತ ಮೊಮ್ಮಗುವನ್ನು ಕರೆದುಕೊಂಡು ಬರುವವಳಿದ್ದಾಳೆ ಎಂದು ತಿಳಿದಾಗ ಅವಳು ಆ ಮಣೆಯನ್ನು ತಂದು ನನ್ನ ಎದುರಿಗಿಟ್ಟು, "ಮಗುವಿಗೆ ಇಂಥದ್ದು ಎಷ್ಟು ಇಡುವುದು?" ಎಂದು ಕೇಳಿದಳು. ಹಲಗೆ ಬದಲಿಸುವ ಮಾತು ಹೀಗೆ ಶುರುವಾಯಿತು.

ಮಾಯ್ ಒಪ್ಪಲು ಒಂದು ತಿಂಗಳು ಹಿಡಿಯಿತು. ಖರ್ಚಿನ ಪ್ರಶ್ನೆಯಲ್ಲ. ಆ ಫ್ಯೂಸುಗಳನ್ನು ಅವರ ಗಂಡ ಸ್ವಂತ ಕೈಯಿಂದ ಕಟ್ಟಿದ್ದು. ಮೊದಮೊದಲು ಇಸ್ತ್ರಿ ಹಾಕಿದಾಗೆಲ್ಲ ಫ್ಯೂಸು ಹೋಗುತ್ತಿತ್ತಂತೆ. ಹಡಗಿನಿಂದ ರಜೆಯಲ್ಲಿ ಬಂದ ಅವರು ಒಂದು ಮಧ್ಯಾಹ್ನ ಕುಳಿತು ಎಲ್ಲವಕ್ಕೂ ಗಟ್ಟಿ ತಂತಿ ಕಟ್ಟಿದರು. ಆಮೇಲೆ ಮೂವತ್ತು ವರ್ಷ ಒಂದು ಸಲವೂ ಹೋಗಿಲ್ಲ, ಅವರೇ ಹೋದರು ಎಂದು ಮಾಯ್ ಹೇಳಿದರು. ಇದಕ್ಕೆ ಏನೆನ್ನುವುದು?

ಕೆಲಸಕ್ಕೆ ಬಂದ ಮೇಸ್ತ್ರಿ ಪಯ್ಯನ್ನೂರಿನವರು. ಕಾಸರಗೋಡು ಜಿಲ್ಲೆಯಾದ 1984ರಲ್ಲೇ ಗೋವಾಕ್ಕೆ ಬಂದದ್ದು ಎಂದು ತಮ್ಮ ಗುರುತು ಹೇಳಿಕೊಂಡರು. ಮೇಸ್ತ್ರಿ ಎಂಬ ಮಾತು ಪೋರ್ಚುಗೀಸಿನ ಮೆಸ್ತ್ರೆಯಿಂದ ಬಂದದ್ದು. ಕೊಂಕಣಿಯಲ್ಲಿ ಮೇಸ್ತ, ಕನ್ನಡದಲ್ಲಿ ಮೇಸ್ತ್ರಿ, ಮಲಯಾಳದಲ್ಲಿ ಮೇಸ್ತಿರಿ. ಹಾಗಾಗಿ ಅವರನ್ನು ಕರೆಯುವ ವಿಷಯದಲ್ಲಿ ಈ ಮನೆಯಲ್ಲಿ ಯಾರಿಗೂ ತೊಂದರೆಯಾಗಲಿಲ್ಲ. ನಮ್ಮ ದೇಶದಲ್ಲಿ ಮನೆಯ ವಯರಿಂಗನ್ನು ಕಲಿಯುವ ಹುಡುಗನೊಬ್ಬ ತಾನೇ ಮಾಡುವಂತಿಲ್ಲ. ಪರವಾನಗಿ ಇರುವ ಕಂಟ್ರಾಕ್ಟರು ಬೇಕು, ಅರ್ಹತೆಯ ಪತ್ರ ಇರುವವನ ಮೇಲ್ವಿಚಾರಣೆ ಬೇಕು. 1956ರ ಇಂಡಿಯನ್ ಇಲೆಕ್ಟ್ರಿಸಿಟಿ ರೂಲ್ಸ್ ಹಾಗೆ ಹೇಳಿತ್ತು. 2010ರಲ್ಲಿ ಅದರ ಜಾಗಕ್ಕೆ ಹೊಸ ನಿಯಮಗಳು ಬಂದುವು, 2023ರಲ್ಲಿ ಅವೂ ಬದಲಾದುವು. 1956ರಲ್ಲಿ ಬರೆದದ್ದನ್ನೂ ಹೀಗೆ ತಿದ್ದುವುದುಂಟು ಎಂದು ತಿಳಿದಾಗ ಕಾಸರಗೋಡಿನವನಾದ ನನಗೆ ಆದ ಆಶ್ಚರ್ಯವನ್ನು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೇಸ್ತ್ರಿಯ ಜೊತೆ ಕಲಿಯಲು ಬರುತ್ತಿದ್ದ ಹುಡುಗನಿಗೆ ಹತ್ತೊಂಬತ್ತು ವರ್ಷ. ಐ.ಟಿ.ಐ.ಯಲ್ಲಿ ಇಲೆಕ್ಟ್ರೀಶಿಯನ್ ಟ್ರೇಡಿನ ಎರಡು ವರ್ಷ ಮುಗಿಸಿದವನು. ಮೊದಲ ದಿನ ಬೆಳಿಗ್ಗೆ ಅವನು ನೆಲದ ಮೇಲೆ ಸ್ಕ್ರೂಗಳನ್ನು ಹರಡಿಕೊಂಡು ಬಾಯೊಳಗೇ "ಒಂದ, ಎರಡ, ಮೂರ" ಎಂದು ಎಣಿಸುತ್ತಿದ್ದ. ಅಷ್ಟು ಹೊತ್ತಿನವರೆಗೆ ಮೇಸ್ತ್ರಿಯೊಡನೆ ಹಿಂದಿ, ಮಾಯ್ ಅವರೊಡನೆ ಒಳ್ಳೆಯ ಕೊಂಕಣಿ ಮಾತಾಡುತ್ತಿದ್ದವನು ಲೆಕ್ಕಕ್ಕೆ ಬಂದಾಗ ಸಿಕ್ಕಿಬಿದ್ದ.

"ಯಾವ ಊರಪ್ಪಾ?" ಎಂದೆ.

"ಬಾದಾಮಿ ಕಡೀದವ್ರರಿ. ನಾ ಹುಟ್ಟಿದ್ದು ಇಲ್ಲೇ, ಜುವಾರಿನಗರದಾಗ. ನೀವೂ ಕನ್ನಡದವ್ರೇನ್ರಿ ಸರ? ಮೇಸ್ತ್ರಿ ನಿಮ್ಮನ್ನ ಕೇರಳದವ್ರು ಅಂದ್ರಲ್ರಿ?"

ಎರಡೂ ಹೌದು ಎಂದೆ. ಕೇರಳಕ್ಕೆ ಕನ್ನಡದವರು ಎಲ್ಲಿಂದ ಹೋದರು, ಗಾರೆ ಕೆಲಸಕ್ಕೋ ಎಂದು ಅವನು ವಿಚಾರಿಸಿದ. ಅವನ ತಂದೆತಾಯಿ ಗಾರೆ ಕೆಲಸಕ್ಕೆಂದು ಬಂದು ವಾಸ್ಕೋದ ಹತ್ತಿರ ನೆಲೆಸಿದವರು. ಬೇರೆ ರೀತಿಯಲ್ಲಿ ಒಂದು ರಾಜ್ಯದ ಜನ ಇನ್ನೊಂದರಲ್ಲಿ ಇರುವುದನ್ನು ಅವನು ಕಂಡಿಲ್ಲ. ನಾವು ಎಲ್ಲಿಂದಲೂ ಹೋದವರಲ್ಲಪ್ಪ, ಇದ್ದಲ್ಲೇ ಇದ್ದೆವು, 1956ರ ನವೆಂಬರ್ 1ಕ್ಕೆ ಕೇರಳವೇ ನಾವಿದ್ದಲ್ಲಿಗೆ ಬಂತು ಎಂದೆ. ಅವನಿಗೆ ನಂಬಿಕೆ ಬಂದಂತೆ ಕಾಣಲಿಲ್ಲ. ಮತ್ತೆ ಒಂದರಿಂದ ಎಣಿಸತೊಡಗಿದ.

ಮಾಯ್ ಅಂದು ನನ್ನನ್ನು ಪಕ್ಕಕ್ಕೆ ಕರೆದು, ಹುಡುಗ ಘಾಂಟಿಯಲ್ಲವೇ ಎಂದು ಕೇಳಿದರು. ಘಟ್ಟ ಇಳಿದು ಬಂದವರಿಗೆ ಗೋವಾದಲ್ಲಿ ಇರುವ ಹೆಸರು ಅದು. ಹೆಸರಿಗಿಂತ ಅದನ್ನು ಹೇಳುವ ರಾಗದಲ್ಲಿ ಹೆಚ್ಚು ಅರ್ಥವಿದೆ. ನಮ್ಮಲ್ಲೂ "ಘಟ್ಟದವರು" ಎಂದು ಎಳೆದು ಹೇಳುವ ರಾಗವೊಂದು ಇದೆಯಲ್ಲ, ಅದೇ. ಹೌದು ಮಾಯ್, ಆದರೆ ನಾವು ಕನ್ನಡದವರೇ ಎಂದರೆ, ನೀವು ಬೇರೆ, ನೀವು ಸಮುದ್ರದ ಕಡೆಯವರು ಎಂದರು. ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದ ಮಾತು. ಹುಡುಗ ಬಾಗಿಲ ಆಚೆಗೆ ಏಣಿ ಹಿಡಿದು ನಿಂತಿದ್ದ. ಅವನಿಗೆ ಕೊಂಕಣಿ ನನಗಿಂತ ಚೆನ್ನಾಗಿ ಬರುತ್ತದೆ.

ಹಳೆಯ ಹಲಗೆಯ ಮೊದಲ ಫ್ಯೂಸನ್ನು ಕಿತ್ತು ಮೇಸ್ತ್ರಿ ಹುಡುಗನ ಅಂಗೈಗೆ ಹಾಕಿದರು. ಒಳಗೆ ಕಟ್ಟಿದ್ದ ತಾಮ್ರದ ತಂತಿ ನಮ್ಮ ಕೊಡಪಾನದ ಬಾಯಿಗೆ ಬಿಗಿಯುವ ಸರಿಗೆಯಷ್ಟು ದಪ್ಪ. "ಇದು ಎಷ್ಟು ಆಂಪಿಯರು?" ಎಂದು ಹಿಂದಿಯಲ್ಲಿ ಕೇಳಿದರು. ಹುಡುಗ ಐ.ಟಿ.ಐ. ಪಾಠ ಒಪ್ಪಿಸಿದ: ಐದು ಆಂಪಿಯರಿಗೆ ಸೊನ್ನೆ ದಶಾಂಶ ಎರಡು ಮಿಲಿಮೀಟರು, ಹದಿನೈದಕ್ಕೆ ಸೊನ್ನೆ ದಶಾಂಶ ಐದು. ಇದು ಯಾವ ಪಟ್ಟಿಯಲ್ಲೂ ಇಲ್ಲ. "ಮೂವತ್ತು ವರ್ಷ ಹೋಗದ ಫ್ಯೂಸು ಫ್ಯೂಸೇ ಅಲ್ಲ. ಹೋಗುವುದೇ ಅದರ ಕೆಲಸ" ಎಂದರು ಮೇಸ್ತ್ರಿ. ದಪ್ಪ ತಂತಿ ಕಟ್ಟಿದರೆ ಮೊದಲು ಕರಗಬೇಕಾದದ್ದು ಕರಗುವುದಿಲ್ಲ. ಅದರ ಬದಲು ಗೋಡೆಯ ಮೇಲಿನ ವಯರು ಕಾಯುತ್ತದೆ, ವಯರಿನ ಕೆಳಗೆ ಮರದ ಪಟ್ಟಿ, ಮೇಲೆ ಮರದ ಜಂತಿ. ಆ ಮನೆಯಲ್ಲಿ ಇಷ್ಟು ವರ್ಷ ಬೆಂಕಿ ಹಿಡಿಯದೆ ಇದ್ದದ್ದು ಮಾಯ್ ಒಬ್ಬರೇ ಇದ್ದು ಮಿತವಾಗಿ ಕರೆಂಟು ಉರಿಸಿದ ಪುಣ್ಯ.

ಇನ್ನೊಂದು ಮಾತು ಅವರು ಹುಡುಗನಿಗೆ ಹೇಳಿದ್ದು ನನಗೂ ಹೊಸದು. ಸರಿಯಾದ ಫ್ಯೂಸು ಕೂಡ ಕಾಯುವುದು ವಯರನ್ನು, ಮನುಷ್ಯನನ್ನಲ್ಲ. ಐದು ಆಂಪಿಯರ್ ಎಂದರೆ ಐದು ಸಾವಿರ ಮಿಲಿಆಂಪಿಯರು. ಕಟ್ಟುವ ಫ್ಯೂಸು ಅದರ ಇಮ್ಮಡಿ ಹತ್ತಿರ ಹೋದ ಮೇಲಷ್ಟೇ ಬೇಗ ಕರಗುತ್ತದೆ. ಮನುಷ್ಯನ ಎದೆ ನಿಲ್ಲಲು ಐವತ್ತು, ನೂರು ಮಿಲಿಆಂಪಿಯರು ಧಾರಾಳ ಸಾಕು. ಒಬ್ಬನು ಕರೆಂಟು ಹಿಡಿದು ಸತ್ತರೂ ಫ್ಯೂಸಿಗೆ ಸುದ್ದಿಯೇ ತಲಪುವುದಿಲ್ಲ. ಅದಕ್ಕಾಗಿ ಬೇರೆ ಉಪಕರಣ, ಆರ್.ಸಿ.ಸಿ.ಬಿ. ಎಂದು ಹೆಸರು. ಒಂದು ವಯರಿನಲ್ಲಿ ಹೋ�ದ ಕರೆಂಟು, ಇನ್ನೊಂದರಲ್ಲಿ ತಿರುಗಿ ಬಂದ ಕರೆಂಟು ಎರಡನ್ನೂ ಅದು ತಾಳೆ ನೋಡುತ್ತಿರುತ್ತದೆ. ಮೂವತ್ತು ಮಿಲಿಆಂಪಿಯರಿನಷ್ಟು ಕಡಿಮೆ ಬಂದರೆ, ಅದು ಯಾರದೋ ಮೈಯ ಮೂಲಕ ನೆಲಕ್ಕೆ ಹೋಗುತ್ತಿದೆಯೆಂದು ಲೆಕ್ಕ ಹಿಡಿದು ಕಣ್ಣು ಮಿಟುಕಿಸುವಷ್ಟರಲ್ಲಿ ಕಡಿದುಹಾಕುತ್ತದೆ. ಸಂಜೆ ಕ್ಯಾಶು ತಾಳೆ ನೋಡಿ ನೋಡಿ ಮುದುಕನಾದ ನನಗೆ ಇದು ಕೂಡಲೆ ತಿಳಿಯಿತು.

ಹಲಗೆಯಲ್ಲಿ ಇನ್ನೊಂದು ಹಳೆಯ ಪದ್ಧತಿಯೂ ಇತ್ತು. ಫೇಸಿಗೊಂದು, ನ್ಯೂಟ್ರಲಿಗೊಂದು ಎಂದು ಎರಡೆರಡು ಫ್ಯೂಸು. ನ್ಯೂಟ್ರಲಿನದು ಮೊದಲು ಹೋದರೆ ದೀಪ ಆರುತ್ತದೆ; ಕರೆಂಟಿಲ್ಲ ಎಂದು ನಾವು ಕೈ ಹಾಕುತ್ತೇವೆ; ಆದರೆ ಹೋಲ್ಡರಿನವರೆಗೂ ಕರೆಂಟು ಬಂದು ಕಾದಿರುತ್ತದೆ. ಇಂಥ ಹಲಗೆಗಳು ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಹಳೆಯ ಮನೆಗಳಲ್ಲಿ ಈಗಲೂ ಇರಬಹುದು. ಓದಿದವರು ಒಮ್ಮೆ ತಮ್ಮ ಮನೆಯ ಗೋಡೆ ನೋಡಿಕೊಂಡರೆ ಒಳ್ಳೆಯದು.

ಮನೆಗೆ ಅರ್ಥಿಂಗು ಇರಲೇ ಇಲ್ಲ. ಹುಡುಗ ಅಂಗಳದಲ್ಲಿ ಗುಂಡಿ ತೋಡಿದ. ನೆಲ ನಮ್ಮ ಊರಿನದೇ, ಮುರಕಲ್ಲು. ಬೇಸಗೆಯಲ್ಲಿ ಒಣಗಿದರೆ ಕರೆಂಟು ಇಳಿಯಲು ಸುಲಭವಾಗಿ ದಾರಿ ಕೊಡುವುದಿಲ್ಲ. ಆದ್ದರಿಂದ ವರ್ಷವಿಡೀ ಪಸೆ ಇರುವ ಬಟ್ಟೆ ಒಗೆಯುವ ಕಲ್ಲಿನ ಪಕ್ಕದಲ್ಲಿ ಜಾಗ ನೋಡಿ, ಎರಡೂವರೆ ಮೀಟರಿನ ಪೈಪು ಇಳಿಸಿ, ಸುತ್ತ ಇದ್ದಲು, ಉಪ್ಪು ತುಂಬಿಸಿದರು. ಮೊದಲ ವರ್ಷ ಕ್ಲಾಸಿನಲ್ಲಿ "ಅರ್ಥ್ ಇಲ್ಲದ ಮೆಶೀನು ಮುಟ್ಟಬೇಡಿ" ಎಂದಾಗ, ಅರ್ಥವಾಗದ ಮೆಶೀನು ಮುಟ್ಟಬಾರದು ಎಂದು ತಾನು ತಿಳಿದುಕೊಂಡಿದ್ದೆ ಎಂದು ಹುಡುಗ ಗುಂಡಿಯೊಳಗಿಂದ ಹೇಳಿದ. "ಅದೂ ಖರೇನ ಐತಲ್ರಿ" ಎಂದು ತಾನೇ ನಕ್ಕ.

ಎರಡನೆಯ ದಿನ ಮಧ್ಯಾಹ್ನಕ್ಕೆ ಮೊದಲು ನಡೆದದ್ದನ್ನು ಹೇಳಬೇಕೆಂದೇ ನಾನು ಇದನ್ನು ಬರೆಯಲು ಕುಳಿತದ್ದು.

ಹೊಸ ಪೆಟ್ಟಿಗೆ ಒಳಗಿನ ಗೋಡೆಗೆ ಕುಳಿತಿತ್ತು. ಮೀಟರು ಮತ್ತು ಅದರ ಹತ್ತಿರದ ಕಟ್‌ಔಟು ಹೊರಗೆ ಬಲ್ಕಾಂವಿನಲ್ಲಿ. ನಡುವೆ ಎರಡು ಅಡಿ ದಪ್ಪದ ಕಲ್ಲಿನ ಗೋಡೆ. ಒಬ್ಬರ ಮುಖ ಒಬ್ಬರಿಗೆ ಕಾಣದು. ಇಲಾಖೆಯ ಲೈನ್‌ಮ್ಯಾನ್ ಬೆಳಿಗ್ಗೆ ಬಂದು ಸೀಲು ಬಿಚ್ಚಿಕೊಟ್ಟಿದ್ದ. ಕಟ್‌ಔಟಿನ ಫ್ಯೂಸು ತೆಗೆದಿದ್ದರೆ ಮನೆಗೆ ಕರೆಂಟಿಲ್ಲ. ಹಾಕಿದರೆ ಒಳಗೆ ಬರುವ ದಪ್ಪ ವಯರಿನ ತುದಿಯವರೆಗೂ 230 ವೋಲ್ಟು. ಮಾಯ್ ಅವರ ಟ್ಯಾಂಕಿಗೆ ನೀರೇರಿಸಲು ಪಂಪಿಗೆ ತಾತ್ಕಾಲಿಕವಾಗಿ ಕರೆಂಟು ಕೊಟ್ಟಿದ್ದರು. ಟ್ಯಾಂಕು ತುಂಬಿದ ಕೂಡಲೆ ಹುಡುಗ, ಯಾರೂ ಹೇಳದೆಯೇ, ಫ್ಯೂಸು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ನಾನು ಕಲ್ಲಿನ ಆಸನದ ಮೇಲೆ ಪೇಪರು ಓದುತ್ತಿದ್ದೆ. ಮೇಸ್ತ್ರಿ ಬೆಳಿಗ್ಗೆಯಿಂದ ನನ್ನೊಡನೆ ಪಯ್ಯನ್ನೂರಿನ ಸುದ್ದಿ ಆಡುತ್ತ ಆಡುತ್ತ ನಾಲಗೆ ಮಲಯಾಳದಲ್ಲೇ ನಿಂತಿತ್ತು. ಒಳಗಿನಿಂದ ಕೂಗಿದರು:

"ಎಡಾ, ಫ್ಯೂಸ್ ಊರಿಯೋ?"

ಹುಡುಗ ಕೈಯಲ್ಲಿದ್ದ ಫ್ಯೂಸನ್ನು ನೋಡಿಕೊಂಡು ಕನ್ನಡದಲ್ಲೇ ಉತ್ತರ ಕೊಟ್ಟ: "ಇಲ್ಲಾ!"

"ಎನ್ನಾ ಊರ್! ವೇಗಂ ಊರ್!"

ಹುಡುಗ ಕಟ್‌ಔಟಿನ ಕಡೆಗೆ ತಿರುಗಿ ಫ್ಯೂಸು ಹಿಡಿದ ಕೈ ಎತ್ತಿದ.

ಈ ಸಂಚಿಕೆಯ ಮಲಯಾಳ ಪುಟಗಳನ್ನೂ ಓದಬಲ್ಲವರಿಗೆ ಇಷ್ಟರಲ್ಲಿ ಮೈ ಜುಂ ಎಂದಿರಬೇಕು. ಉಳಿದವರಿಗಾಗಿ ಹೇಳುತ್ತೇನೆ. ಮಲಯಾಳದಲ್ಲಿ ಊರುವುದೆಂದರೆ ತೆಗೆಯುವುದು, ಕಳಚುವುದು. ಬೆರಳಿನ ಉಂಗುರವನ್ನು ಊರುತ್ತಾರೆ, ಅಂಗಿ ಊರುತ್ತಾರೆ. ಕನ್ನಡದಲ್ಲಿ ಕೋಲು ಊರುತ್ತೇವೆ, ಕಾಲು ಊರುತ್ತೇವೆ, ಮರ ಬೇರೂರುತ್ತದೆ. ಹುಡುಗನ ಕಡೆಯಲ್ಲಂತೂ ಬೀಜವನ್ನು ಮಣ್ಣಿಗೆ ಒತ್ತಿ ಇಡುವುದಕ್ಕೆ ದಿನಬಳಕೆಯ ಮಾತೇ ಅದು. ಹಳ್ಳಿ ಎಂಬ ಅರ್ಥದ ಊರು ಎರಡು ಭಾಷೆಗೂ ಒಂದೇ. ಕ್ರಿಯಾಪದವಾದ ಕೂಡಲೆ ಒಂದು ನೆಡುತ್ತದೆ, ಒಂದು ಕೀಳುತ್ತದೆ. ಇಲ್ಲ ಎಂಬ ಮಾತೂ ಎರಡರಲ್ಲಿ ಒಂದೇ ಆದದ್ದು ಇನ್ನೂ ಕೆಟ್ಟದಾಯಿತು. ತೆಗೆದೆಯಾ ಎಂದು ಒಬ್ಬರು ಕೇಳಿದರು; ಹಾಕಿದೆಯಾ ಎಂದು ಇನ್ನೊಬ್ಬ ಕೇಳಿಸಿಕೊಂಡು ಇಲ್ಲ ಎಂದ; ಹಾಗಾದರೆ ಬೇಗ ತೆಗೆ ಎಂದರು; ಹಾಗಾದರೆ ಬೇಗ ಹಾಕು ಎಂದು ಅವನು ತಿಳಿದ. ಇನ್ನು ಹಾಕಿ, "ಆಯಿತು" ಎನ್ನುತ್ತಿದ್ದ. ಮಲಯಾಳದವರಿಗೂ ಅದು "ಆಯಿ" ಎಂದೇ ಕೇಳುತ್ತಿತ್ತು. ಮೇಸ್ತ್ರಿ ಆಗ ಬರಿಗೈಯಿಂದ ವಯರಿನ ತುದಿ ಹಿಡಿಯುತ್ತಿದ್ದರು.

"ಹಾಕಬೇಡ! ತೆಗಿ ಅಂತ ಹೇಳುತ್ತಿದ್ದಾರೆ, ತೆಗಿ!" ಎಂದು ನಾನು ಕೂಗಿದ ಕೂಗಿಗೆ ಹುಡುಗನ ಕೈಯಿಂದ ಫ್ಯೂಸು ನೆಲಕ್ಕೆ ಬಿದ್ದು ಪಿಂಗಾಣಿಯ ಒಂದು ಮೂಲೆ ಹಾರಿತು. ಒಳಗೆ ತಿರುಗಿ, "ಊರಿಯಿಟ್ಟುಂಡ್ ಮೇಸ್ತ್ರೀ, ನೇರತ್ತೇ ಊರಿಯಿಟ್ಟುಂಡ್" ಎಂದೆ. ತೆಗೆದಾಗಿದೆ, ಆಗಲೇ ತೆಗೆದಾಗಿದೆ ಎಂದು. ಅಡಿಗೆಮನೆಯಿಂದ ಹೆಂಡತಿ, ಒಳಕೋಣೆಯಿಂದ ಮಾಯ್ ಹೊರಗೆ ಬಂದರು.

ಮೇಸ್ತ್ರಿ ಹುಡುಗನಿಗೆ ಬೈಯಲಿಲ್ಲ. ಏಣಿಯಿಂದ ಇಳಿದು ಬಂದು ನನ್ನ ಬಾಯಿಂದ ಎರಡೆರಡು ಸಲ ಕತೆ ಕೇಳಿದರು. ತಾನು ಟೆಸ್ಟರು ಇಟ್ಟು ನೋಡಿದ್ದೆ, ಕರೆಂಟಿರಲಿಲ್ಲ, ಆದರೂ ಬರಿಯ ಟೆಸ್ಟರನ್ನು ನಂಬದೆ ಬಾಯಿಮಾತಿನಲ್ಲೂ ಕೇಳುವುದು ರೂಢಿ, ಅದಕ್ಕಾಗಿ ಕೇಳಿದೆ ಎಂದರು. ಎಚ್ಚರಿಕೆಗೆಂದು ಕೇಳಿದ ಪ್ರಶ್ನೆಯೇ ಕರೆಂಟನ್ನು ಕರೆಯುವುದರಲ್ಲಿತ್ತು. "ಮತ್ತೊಮ್ಮೆ ಟೆಸ್ಟರು ಇಡುತ್ತಿದ್ದೆ ಸಾರೇ" ಎಂದು ಸ್ವಲ್ಪ ಹೊತ್ತಿನ ಮೇಲೆ ಹೇಳಿದರು. ಇಡುತ್ತಿದ್ದರೋ ಏನೋ. ಹುಡುಗನ ಮುಖ ಸುಣ್ಣದಂತಾಗಿತ್ತು. "ನಮ್ಮವ್ವ ಹತ್ತಿಬೀಜ ಊರತಾಳಲ್ರಿ ಸರ... ನಾ ಹಂಗ ತಿಳ್ಕೊಂಡೆ" ಎಂದು ನನಗೊಬ್ಬನಿಗೆ ಹೇಳಿದ.

ನನಗೆ ಅಷ್ಟು ಬೇಗ ತಿಳಿದದ್ದು ಬುದ್ಧಿವಂತಿಕೆಯಿಂದಲ್ಲ. ನಮ್ಮ ಮನೆಯಲ್ಲಿ ಇದೇ ಮಾತಿನ ಮೇಲೆ ಒಂದು ಹಳೆಯ ಕತೆಯಿದೆ. ಮನೆಗೆ ಕರೆಂಟು ಬಂದ ಎರಡನೆಯ ವರ್ಷ, ಅಡಕೆಯ ಹಣ ಕೈಗೆ ಬಾರದೆ ಬಿಲ್ಲು ಕಟ್ಟುವುದು ತಡವಾಯಿತು. ಅಪ್ಪ ಇಲ್ಲದ ಹೊತ್ತಿನಲ್ಲಿ ಲೈನ್‌ಮ್ಯಾನ್ ಬಂದು ಅಂಗಳದಲ್ಲಿ ನಿಂತು, "ಫ್ಯೂಸ್ ಊರಾನ್ ವನ್ನದಾಣ್" ಎಂದ. ಅಜ್ಜಿಯ ತವರು ಪುತ್ತೂರಿನ ಕಡೆ; ಮಲಯಾಳ ಅಷ್ಟಕ್ಕಷ್ಟೆ. ಫ್ಯೂಸು ಊರಲು ಬಂದವನು ಎಂದರೆ ಕರೆಂಟಿನ ಏನನ್ನೋ ಗಟ್ಟಿಯಾಗಿ ನೆಟ್ಟು ಕೊಡಲು ಬಂದ ಪುಣ್ಯಾತ್ಮ ಎಂದು ತಿಳಿದು, ಅವನಿಗೆ ಕೈಕಾಲಿಗೆ ನೀರು ಕೊಟ್ಟು, ಕುಳ್ಳಿರಿಸಿ, ಬೆಲ್ಲ ಮತ್ತು ತಂಬಿಗೆ ನೀರು ತಂದಿಟ್ಟರು. ಅವನು ಬೆಲ್ಲ ತಿಂದು ನೀರು ಕುಡಿದು, ಬಂದ ಕೆಲಸ ಮುಗಿಸಿ, ಸ್ವಲ್ಪ ಮುಜುಗರದಿಂದಲೇ ಹೋದನಂತೆ. ಸಂಜೆ ದೀಪ ಹೊತ್ತದೆ ಇದ್ದಾಗ ಅಜ್ಜಿ, "ಈಗಷ್ಟೇ ಒಬ್ಬ ಚಂದಕ್ಕೆ ಊರಿ ಹೋಗಿದ್ದಾನಲ್ಲ!" ಎಂದು ಎಲ್ಲರೊಡನೆ ವಾದಿಸಿದರು. ಅಪ್ಪ ಬದುಕಿರುವವರೆಗೂ ಯಾರಾದರೂ ಉಪಕಾರದ ಹೆಸರಿನಲ್ಲಿ ಕೆಡುಕು ಮಾಡಿದರೆ ನಮ್ಮ ಮನೆಯಲ್ಲಿ "ಫ್ಯೂಸು ಊರಿ ಹೋದ" ಎನ್ನುವುದು ರೂಢಿಯಾಗಿತ್ತು. ಐವತ್ತು ವರ್ಷ ಅದನ್ನು ಹೇಳಿ ನಕ್ಕಿದ್ದೇವೆ. ಅಂದು ಬಲ್ಕಾಂವಿನಲ್ಲಿ ನಗು ಬರಲಿಲ್ಲ.

ಮೇಸ್ತ್ರಿ ಮೂಲೆ ಮುರಿದ ಫ್ಯೂಸನ್ನು ನೆಲದಿಂದ ಎತ್ತಿ ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡು ಗುಂಡಿ ಹಾಕಿದರು. ಕೆಲಸ ಮಾಡುವವನ ಜೇಬಿನಲ್ಲೇ ಫ್ಯೂಸು ಇರಬೇಕು, ಅದನ್ನು ಮೊದಲೇ ಕಲಿಸಬೇಕಿತ್ತು ಎಂದರು. ಇನ್ನು ಮಾತಿನ ವಿಷಯ. ಹಿಂದಿಯಲ್ಲೇ ಹೇಳಬೇಕು ಎಂದು ಮೇಸ್ತ್ರಿ. ಅವಸರದಲ್ಲಿ ಮತ್ತೆ ಬಾಯಿಗೆ ಬರುವುದು ಮಲಯಾಳವೇ ಎಂದು ನಾನು. ಇಷ್ಟು ಹೊತ್ತು ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಮಾಯ್, ಇಷ್ಟೆಲ್ಲ ಯಾಕೆ, "ಕಾಡ್" ಅನ್ನಿ, "ಘಾಲ್" ಅನ್ನಿ ಎಂದರು. ಕೊಂಕಣಿಯಲ್ಲಿ ಕಾಡ್ ಎಂದರೆ ತೆಗೆ, ಘಾಲ್ ಎಂದರೆ ಹಾಕು. ಕಾಡು ಎಂದರೆ ನಮಗೂ ಮೇಸ್ತ್ರಿಗೂ ಅಡವಿ. ಅದರಿಂದ ಅಪಾಯವೇನೂ ಕಾಣಲಿಲ್ಲ. ಹುಡುಗ ಸೀಮೆಸುಣ್ಣದಿಂದ ಎರಡೂ ಮಾತನ್ನು ಕಟ್‌ಔಟಿನ ಪಕ್ಕದ ಗೋಡೆಯ ಮೇಲೆ ಬರೆದ. ಮೂಲೆ ಮುರಿದ ಫ್ಯೂಸಿನ ಜಾಗಕ್ಕೆ ಹೊಸದನ್ನು ತಂದು, ಅಂದು ಸಂಜೆಯವರೆಗೂ ಆ ಮನೆಯಲ್ಲಿ ಕಾಡ್ ಮತ್ತು ಘಾಲ್ ಎಂಬ ಎರಡು ಮಾತು ಮಾತ್ರ ದೊಡ್ಡದಾಗಿ ಕೇಳುತ್ತಿತ್ತು.

ಮಧ್ಯಾಹ್ನ ಎಲ್ಲರಿಗೂ ನಮ್ಮಲ್ಲೇ ಊಟ. ಕುಚ್ಚಲಕ್ಕಿ ಅನ್ನ ಕಂಡು ಮೇಸ್ತ್ರಿಯ ಮುಖ ಅರಳಿತು. ಮಾಯ್ ಅವರದೂ ಅದೇ ಅಕ್ಕಿ. ಹುಡುಗ ಮಾತ್ರ ದಪ್ಪ ಅಗುಳನ್ನು ಬೆರಳಿನಿಂದ ಒತ್ತಿ ನೋಡುತ್ತ, "ರೊಟ್ಟಿ ಇರೂದಿಲ್ಲೇನ್ರಿ?" ಎಂದು ನನ್ನ ಹೆಂಡತಿಯನ್ನು ಕೇಳಿದ. ಭಾಷೆಯಲ್ಲಿ ನಮ್ಮವನಾದವನು ಎಲೆಯ ಮುಂದೆ ಬೇರೆಯವನಾದ. ಅವಳು ಗೋಧಿ ಹಿಟ್ಟಿನ ಚಪಾತಿ ಮಾಡಿಕೊಟ್ಟಳು. ಕರೆಂಟಿಗೆ ಇಂಥ ತಾಪತ್ರಯವಿಲ್ಲ ಎಂದು ಮೇಸ್ತ್ರಿ ಮಾತು ತೆಗೆದರು. ಗೋವಾಕ್ಕೆ ಸ್ವಂತದ್ದೆನ್ನುವ ದೊಡ್ಡ ವಿದ್ಯುದಾಗಾರವಿಲ್ಲ. ಬೇಕಾದದ್ದು ಬಹುಪಾಲು ಹೊರಗಿನ ಗ್ರಿಡ್ಡಿನಿಂದ ಬರುತ್ತದೆ. ಉತ್ತರ ಕನ್ನಡದ ಅಂಬೇವಾಡಿಯಿಂದ ಘಟ್ಟ ಇಳಿದು ಫೋಂಡಾಕ್ಕೆ ಬರುವ 110 ಕಿಲೋವೋಲ್ಟಿನ ತಂತಿಯೊಂದಿದೆ. ನಮ್ಮ ಮಂಜೇಶ್ವರಕ್ಕೂ ಕೊಣಾಜೆಯಿಂದ ಗಡಿ ದಾಟಿ ಅಷ್ಟೇ ವೋಲ್ಟಿನ ತಂತಿ ಬರುತ್ತದೆ. "ಹಂಗಾದ್ರ ಕರೆಂಟೂ ಘಾಂಟೀನ ಅನ್ರಿ" ಎಂದು ಹುಡುಗ ಚಪಾತಿಯಿಂದ ತಲೆ ಎತ್ತದೆ ಹೇಳಿದ. ಕನ್ನಡದಲ್ಲೇ ಹೇಳಿದ್ದರೂ ಅದರಲ್ಲಿ ಒಂದು ಮಾತು ಮಾಯ್ ಅವರಿಗೆ ತಿಳಿಯುವಂಥದ್ದು. ಅವರು ಏನೂ ಹೇಳದೆ ಎದ್ದು ಹೋಗಿ ತಮ್ಮ ಅಡಿಗೆಮನೆಯಿಂದ ಮೀನಿನ ಉಪ್ಪಿನಕಾಯಿ ತಂದು ಮೊದಲು ಅವನ ಎಲೆಗೆ ಬಡಿಸಿದರು. ನಾವಿಬ್ಬರು ಮೀನು ತಿನ್ನದವರೆಂದು ಅವರಿಗೆ ಗೊತ್ತು. ಹುಡುಗ ತಿನ್ನುತ್ತಾನೋ ಇಲ್ಲವೋ ಕೇಳಲಿಲ್ಲ. ಅವನು ತಿಂದ.

ಸಂಜೆ ನಾಲ್ಕಕ್ಕೆ ಹೊಸ ಪೆಟ್ಟಿಗೆಗೆ ಕರೆಂಟು ಕೊಟ್ಟರೆ ಆರ್.ಸಿ.ಸಿ.ಬಿ. ಟಕ್ ಎಂದು ಬಿತ್ತು. ಎತ್ತಿದರೆ ಮತ್ತೆ ಬಿತ್ತು. ಮಾಯ್ ಅವರಿಗೆ, ಗಂಡನ ಫ್ಯೂಸು ಮೂವತ್ತು ವರ್ಷ ನಿಂತಿತು, ಇವರದು ಮೂರು ನಿಮಿಷ ನಿಲ್ಲುವುದಿಲ್ಲ ಎಂದು ಹೇಳುವ ಸುಯೋಗ ಸಿಕ್ಕಿತು. ಒಂದೊಂದೇ ಸರ್ಕ್ಯೂಟು ಬಿಡಿಸಿ ನೋಡುತ್ತ ಹೋದರು. ನ್ಯೂಟ್ರಲನ್ನೂ ಬಿಡಿಸದೆ ಇಂಥದ್ದು ಸಿಕ್ಕುವುದಿಲ್ಲವಂತೆ. ನಮ್ಮ ಫ್ರಿಡ್ಜಿನದೇ ಇರಬೇಕೆಂದು ನಾನು ಕಾದೆ. ಅದು ಹಸಿರು ವಯರಿಗೆ ಸೇರಿದ ಮೇಲೆ ಸಾಧುವಾಗಿತ್ತು. ಕೊನೆಗೆ ಉಳಿದದ್ದು ಮಾಯ್ ಅವರ ಅಲ್ತಾರಿನ ಪುಟ್ಟ ಕೆಂಪು ದೀಪ. ಗಂಡ ತೀರಿಕೊಂಡ ದಿನದಿಂದ ಅವರು ಅದನ್ನು ಆರಿಸಿದ್ದೇ ಇಲ್ಲ. ದೇವರ ಪೀಠದ ಹಿಂದೆ ಮಳೆನೀರು ಇಳಿದು ಗೋಡೆ ಒದ್ದೆಯಾಗಿ, ವಯರಿನ ಹೊದಿಕೆ ಪುಡಿಪುಡಿಯಾಗಿ ಕರೆಂಟು ಕಲ್ಲಿಗೆ ಸೋರುತ್ತಿತ್ತು. ಪ್ರತಿ ಸಂಜೆ ಮಾಯ್ ಬರಿಗಾಲಿನಲ್ಲಿ ನಿಂತು ಕೈಯೂರಿ ಪ್ರಾರ್ಥನೆ ಮಾಡುವುದು ಅದೇ ಗೋಡೆಗೆ.

ಮೇಸ್ತ್ರಿ ನನ್ನ ಮುಖ ನೋಡಿದರು. ಮಾಯ್ ಅವರಿಗೆ ಹೇಳಿದ್ದು ಹುಡುಗ. ದೀಪ ಆರಿಸಬೇಕಾಗುತ್ತದೆ, ಒಂದು ಗಂಟೆ ಸಾಕು, ಅಷ್ಟು ಹೊತ್ತು ಮೇಣದ ಬತ್ತಿ ಇಟ್ಟುಕೊಳ್ಳೋಣ ಎಂದು ಕೊಂಕಣಿಯಲ್ಲಿ ಮೆಲ್ಲಗೆ ಹೇಳಿದ. ತನ್ನ ತಾಯಿಗೆ ಹೇಳುವಂತೆ ಏಕವಚನದಲ್ಲಿ, ಅವಸರವಿಲ್ಲದೆ ಹೇಳಿದ. ಮಾಯ್ ತಾವೇ ಬತ್ತಿ ಹಚ್ಚಿ ತಂದು ಅವನ ಕೈಗೆ ಕೊಟ್ಟರು. ಅವನು ಅದನ್ನು ಸಂತರ ಮುಂದಿಟ್ಟು, ಚಪ್ಪಲಿ ಕಳಚಿದ್ದನ್ನು ನೆನೆದು ಮತ್ತೆ ಹೋಗಿ ಹಾಕಿಕೊಂಡ. ದೇವರ ಎದುರಾದರೂ ಒದ್ದೆ ಗೋಡೆಯ ಕೆಲಸಕ್ಕೆ ಬರಿಗಾಲು ಕೂಡದು ಎಂದು ಮೇಸ್ತ್ರಿ ಮುಂಚೆಯೇ ತಾಕೀತು ಮಾಡಿದ್ದರು. ಒಂದು ಗಂಟೆಯಲ್ಲಿ ಆಗಲಿಲ್ಲ, ಎರಡೂವರೆ ಗಂಟೆ ಹಿಡಿಯಿತು. ಹೊಸ ವಯರನ್ನು ಪೈಪಿನೊಳಗೆ ಹಾಕಿ ಒಣ ಗೋಡೆಯ ಮೇಲಿನಿಂದ ಸುತ್ತಿ ತಂದರು. ಕೆಂಪು ದೀಪ ಹೊತ್ತಿತು, ಪೆಟ್ಟಿಗೆ ಸುಮ್ಮನಿತ್ತು. ಮೇಸ್ತ್ರಿ ಆರ್.ಸಿ.ಸಿ.ಬಿ.ಯ ಪರೀಕ್ಷೆಯ ಗುಂಡಿ ಒತ್ತಿ ಬೀಳಿಸಿ ತೋರಿಸಿದರು. ಇದನ್ನು ಆಗಾಗ ಒತ್ತಿ ನೋಡುತ್ತಿರಬೇಕು ಎಂದು ಹೇಳಿ, ಆ ಜವಾಬ್ದಾರಿ ನನಗೆ ಒಪ್ಪಿಸಿದರು.

ಹಳೆಯ ಫ್ಯೂಸುಗಳನ್ನು ಗುಜರಿಗೆ ಕೊಡಲು ಮಾಯ್ ಬಿಡಲಿಲ್ಲ. ಗಂಡ ಕಟ್ಟಿದ ತಂತಿಯ ಸಮೇತ ಒಂದು ಬಿಸ್ಕೆಟು ಡಬ್ಬಿಯಲ್ಲಿ ಹಾಕಿ ಒಳಗಿಟ್ಟರು.

ಕೊನೆಗೆ ಉಳಿದದ್ದು ಪೆಟ್ಟಿಗೆಯ ಬಾಗಿಲಲ್ಲಿ ಯಾವ ಎಂ.ಸಿ.ಬಿ. ಎಲ್ಲಿಗೆ ಎಂದು ಚೀಟಿ ಅಂಟಿಸುವ ಕೆಲಸ. ಮಾಯ್ ಓದುವುದು ರೋಮನ್ ಅಕ್ಷರದ ಕೊಂಕಣಿ. ಅವರು ಹೇಳುತ್ತ ಹೋದರು, ಹುಡುಗ ಬರೆಯುತ್ತ ಹೋದ: ಸಾಲ್, ಕುಜಿನ್, ಅಲ್ತಾರ್. ಕೊನೆಯ ಎರಡು ನಮ್ಮ ಭಾಗದ್ದು.

"ನಿಮ್ದು ಯಾವುದ್ರಾಗ ಬರೀಲಿರಿ ಸರ?"

ನಿನಗೆ ಬರುವುದರಲ್ಲಿ ಬರೆ ಎಂದೆ. ನಾಲ್ಕನೆಯ ತರಗತಿಯವರೆಗೆ ಕನ್ನಡ ಶಾಲೆ, ಆಮೇಲೆ ಬರೆದದ್ದಿಲ್ಲ ಎಂದ. ಪೆನ್ನಿನ ತುದಿಯನ್ನು ಗಾಳಿಯಲ್ಲೇ ಒಂದೆರಡು ಸಲ ತಿರುಗಿಸಿ ನೋಡಿ, ನಿಧಾನವಾಗಿ, ಒಂದಕ್ಷರ ದೊಡ್ಡದು ಒಂದಕ್ಷರ ಚಿಕ್ಕದಾಗಿ ಬರೆದು ಅಂಟಿಸಿದ: "ಹಿಂದಿನ ಮನಿ". ಎರಡನೆಯ ಚೀಟಿಗೆ ಏನು ಬರೆಯುವುದೆಂದು ನನ್ನ ಹೆಂಡತಿಯನ್ನು ಕೇಳಿ, ಅವಳು ಹೇಳಿದಂತೆ "ಫ್ರಿಜ್ಜು" ಎಂದು ಬರೆದ. ಅಷ್ಟರಲ್ಲಿ ಇಲಾಖೆಯ ಲೈನ್‌ಮ್ಯಾನ್ ಸೀಲು ಹಾಕಲು ಬಂದು, ಗೋಡೆಯ ಮೇಲಿನ ಕಾಡ್, ಘಾಲ್ ಓದಿ, ಇದೇನು ಮಕ್ಕಳ ಶಾಲೆಯೋ ಎಂದು ಕೇಳುತ್ತಿದ್ದ.